ಬೆರಕೆ ಸೊಪ್ಪಿನ ಸೀಮೆ

ನ್ಯೂಜೆರ್ಸಿಯ ನಮ್ಮ ಮನೆ ಹತ್ತಿರದ ದೊಡ್ಡ ಅಂಗಡಿಯಲ್ಲಿ ಸೊಪ್ಪನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮಾರುತ್ತಾರೆ. ಮೂರು ಸಲ ತೊಳೆದದ್ದು ಎಂದು ಡಬ್ಬಿಯ ಮೇಲೇ ಅಚ್ಚು ಹಾಕಿರುತ್ತಾರೆ. ಬೇರಿಲ್ಲ, ದಂಟಿಲ್ಲ, ಹುಳ ಕಡಿದ ಒಂದೆಲೆಯೂ ಇಲ್ಲ. ಎಲ್ಲ ಎಲೆಯೂ ಒಂದೇ ಅಳತೆ. ತಂದವರು ಸೀದಾ ಪಾತ್ರೆಗೆ ಸುರಿದುಕೊಳ್ಳಬಹುದು. ಕೆಲಸಕ್ಕೆ ಹೋಗಿ ಸುಸ್ತಾಗಿ ಬರುವ ಮನೆಗಳಿಗೆ ಅದರಿಂದ ಅನುಕೂಲವೇ. ಆದರೂ ಆ ಡಬ್ಬಿ ಕೈಗೆ ಬಂದಾಗಲೆಲ್ಲ ನನಗೆ ಒಳಗೊಳಗೇ ಕಿರಿಕಿರಿ. ಸೊಪ್ಪು ಬಿಡಿಸುವ ಕೆಲಸ ನನಗೆ ಉಳಿದೇ ಇಲ್ಲವಲ್ಲ ಎಂದು.

ನಮ್ಮ ಕಡೆ ಅಡಿಗೆ ಶುರುವಾಗುವುದೇ ಸೊಪ್ಪು ಬಿಡಿಸುವುದರಿಂದ. ಜಗಲಿ ಮೇಲೆ ಮೊರ ಇಟ್ಟುಕೊಂಡು ಇಬ್ಬರು ಮೂವರು ಕೂತರೆ ಆಯಿತು. ಬೇರಿನ ಮಣ್ಣು ಕೊಡವುತ್ತಾ, ಬಲಿತ ದಂಟು ಮುರಿದು ಪಕ್ಕಕ್ಕಿಡುತ್ತಾ, ಹುಲ್ಲುಗರಿ ಸಿಕ್ಕರೆ ದನದ ಕಡೆ ಎಸೆಯುತ್ತಾ, ಊರಿನ ಮಾತೆಲ್ಲ ಆ ಮೊರದ ಸುತ್ತಲೇ ಮುಗಿಯುತ್ತಿತ್ತು. ಯಾರ ಮನೆ ಹಸು ಈಯಿತು, ಯಾರ ಬೋರಿನಲ್ಲಿ ನೀರು ನಿಂತಿತು, ಯಾವ ಹುಡುಗಿಗೆ ಗಂಡು ಗೊತ್ತಾಯಿತು ಎಂಬ ಸುದ್ದಿಗಳೆಲ್ಲ ನನ್ನ ಕಿವಿಗೆ ಬಿದ್ದದ್ದು ಸೊಪ್ಪಿನ ಹಸಿ ವಾಸನೆಯ ಜೊತೆಗೇ.

ನಮ್ಮ ಕಡೆ ಎಂದರೆ ಮಂಡ್ಯ ಜಿಲ್ಲೆಯ ಪಡುವಣ ಭಾಗ. ಅಪ್ಪನ ಊರು ನಾಗಮಂಗಲ ತಾಲ್ಲೂಕು, ಬಿಂಡಿಗನವಿಲೆ ಕಡೆ. ಅವ್ವನ ತವರು ಪಾಂಡವಪುರದ ನಾಲೆ ಬಯಲು. ಸೋದರತ್ತೆಯನ್ನು ಕೊಟ್ಟದ್ದು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿಗೆ, ಹೇಮಾವತಿ ದಂಡೆಗೆ. ದೊಡ್ಡವ್ವನ ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ. ನೆಂಟಸ್ತನದ ಈ ನಾಲ್ಕು ಊರಿನಲ್ಲಿ ಮೂರಕ್ಕೆ ನೀರುಂಟು, ನಮ್ಮೂರಿಗೆ ಮಾತ್ರ ಮಳೆಯೇ ಗತಿ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎರಡು ದಶಕ ಹಿಡಿದು ಮುಗಿದ ಮೇಲೆ ವಿಶ್ವೇಶ್ವರಯ್ಯ ನಾಲೆಯ ನೀರು ಹುಲಿಕೆರೆ ಸುರಂಗ ಹಾದು ಪಾಂಡವಪುರ, ಮಂಡ್ಯ, ಮದ್ದೂರಿನ ಕಡೆ ಹರಿಯಿತು. ಬತ್ತ, ಕಬ್ಬು ಬಂತು, ಆಲೆಮನೆ, ಸಕ್ಕರೆ ಕಾರ್ಖಾನೆ ಬಂತು. ಶ್ರೀರಂಗಪಟ್ಟಣದಲ್ಲಂತೂ ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಕಾಲದ್ದು. ನಾಗಮಂಗಲದವರು ಮಾತ್ರ ಆಕಾಶ ನೋಡಿಕೊಂಡು ರಾಗಿ ಬಿತ್ತಿದರು, ಹುರುಳಿ ಚೆಲ್ಲಿದರು. ನಾಲೆ ಸೀಮೆಯ ಅನ್ನ ಉಂಡು ಬೆಳೆದ ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಹಿಂದೆ ಹೊಲಕ್ಕೆ ಹೋಗಿ ಕಲಿತ ಮೊದಲ ವಿದ್ಯೆ ಬೆರಕೆ ಸೊಪ್ಪು ಆರಿಸುವುದು.

ಮುಂಗಾರು ಹನಿದು ರಾಗಿ ಪೈರು ಗೇಣುದ್ದ ಆದಾಗ ಕಳೆ ತೆಗೆಯುವ ಕೆಲಸ ಬರುತ್ತದೆ. ಹೆಂಗಸರು ಸಾಲು ಹಿಡಿದು ಕೂತು ಕುಕ್ಕರಗಾಲಿನಲ್ಲೇ ಮುಂದೆ ಸರಿಯುತ್ತಾರೆ. ಕಿತ್ತ ಕಳೆಯಲ್ಲಿ ತಿನ್ನುವಂಥದ್ದು ಕಂಡರೆ ಅದು ಬದುವಿಗೆ ಹೋಗದೆ ಮಡಿಲಿಗೆ ಬೀಳುತ್ತದೆ. ಅಣ್ಣೆ ಸೊಪ್ಪು, ಕೀರೆ, ನೆಲಕ್ಕಂಟಿ ಹಬ್ಬಿದ ಗೋಣಿ ಸೊಪ್ಪು, ನೀಲಿ ಹೂವಿನ ಕನ್ನೆ ಸೊಪ್ಪು, ಕೆರೆ ಅಂಚಿಗೆ ಹೋದರೆ ಹೊನಗೊನೆ, ಒಂದೆಲಗ. ಅಜ್ಜಿಯ ಮಡಿಲು ಸಂಜೆ ಹೊತ್ತಿಗೆ ತುಂಬಿರುತ್ತಿತ್ತು. ಅವಳ ಲೆಕ್ಕ ಹೀಗೆ: "ಹುಳೀದು ಒಂದು ಹಿಡಿ, ಕಹೀದು ಚಿಟಿಕೆ, ಮಿಕ್ಕಿದ್ದೆಲ್ಲ ಸಪ್ಪೇದು. ಗುರ್ತಿಲ್ದುದ್ನ ಮುಟ್ಬ್ಯಾಡ ಮಗ." ಸೊಪ್ಪಿನ ಗುರುತು ಅವಳಿಗೆ ಎಲೆಯ ಬೆನ್ನಿನಿಂದ, ದಂಟಿನ ಬಣ್ಣದಿಂದ, ಉಗುರಲ್ಲಿ ಚಿವುಟಿದಾಗ ಬರುವ ವಾಸನೆಯಿಂದ. ದಂಟು ಕೆಂಪಾಗಿ ನುಣ್ಣಗಿರಬೇಕು, ಎಲೆ ದಪ್ಪಗಿರಬೇಕು, ಮುರಿದರೆ ನೀರು ಬರಬೇಕು, ಹಾಲು ಬರಬಾರದು. ಗೋಣಿ ಸೊಪ್ಪನ್ನೇ ಹೋಲುವ, ಮುರಿದರೆ ಹಾಲು ಜಿನುಗುವ ಇನ್ನೊಂದು ಗಿಡ ಅದರ ಪಕ್ಕದಲ್ಲೇ ಬೆಳೆಯುತ್ತದೆ. ಅದನ್ನು ತಿನ್ನಬಾರದು. ಅದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಅಜ್ಜಿ ನನ್ನ ಕೈಯಲ್ಲೇ ಎರಡನ್ನೂ ಮುರಿಸಿ ತೋರಿಸಿದ್ದರಿಂದ.

ಆ ಸೊಪ್ಪಿನಿಂದ ಆಗುತ್ತಿದ್ದದ್ದು ಉಪ್ಪೆಸ್ರು. ಊರಾಚೆಯವರು ಉಪ್ಸಾರು ಎನ್ನುತ್ತಾರೆ. ಹುರುಳಿಕಾಳನ್ನೋ ಅಲಸಂದೆಕಾಳನ್ನೋ ಬೇಯಲು ಇಟ್ಟು, ಅದು ಮುಕ್ಕಾಲು ಬೆಂದಾಗ ತೊಳೆದ ಸೊಪ್ಪು, ಕಲ್ಲುಪ್ಪು ಹಾಕಬೇಕು. ಸೊಪ್ಪು ಬೆಂದ ಕೂಡಲೇ ನೀರು ಬಸಿಯಬೇಕು. ಎಣ್ಣೆಯಿಲ್ಲ, ಕಾಯಿಯಿಲ್ಲ, ಸಾರಿನ ಪುಡಿಯಿಲ್ಲ. ಬಸಿದ ನೀರೇ ಎಸರು. ಬಸಿದು ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಖಾರ ಬೇರೆ: ಕೆಂಡದಲ್ಲಿ ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಹುಣಸೆಹಣ್ಣು, ಉಪ್ಪು. ಒರಳಲ್ಲಿ ಹಾಕಿ ಗಟ್ಟಿಯಾಗಿ ಅರೆದದ್ದು. ತಟ್ಟೆಯಲ್ಲಿ ಹಿಟ್ಟು, ಅಂದರೆ ರಾಗಿ ಮುದ್ದೆ, ಇಟ್ಟು ಸುತ್ತ ಎಸರು ಬಿಟ್ಟು, ತಟ್ಟೆಯಂಚಿಗೆ ಖಾರ ಸವರಿಕೊಡುತ್ತಾರೆ. ಎಷ್ಟು ಖಾರ ಕಲಸಿಕೊಳ್ಳಬೇಕು ಎನ್ನುವುದು ಉಣ್ಣುವವರಿಗೆ ಬಿಟ್ಟದ್ದು. ಒಂದೇ ಪಾತ್ರೆಯ ಎಸರನ್ನು ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ಖಾರ ಮಾಡಿಕೊಂಡು ಉಂಡರೆ, ನಾವು ಮಕ್ಕಳು ಬೆರಳ ತುದಿಯಷ್ಟು ಸೋಕಿಸಿಕೊಂಡು ಉಣ್ಣುತ್ತಿದ್ದೆವು. ಇಷ್ಟು ಕಡಿಮೆ ಸಾಮಾನಿನಲ್ಲಿ ಮನೆಯ ಎಲ್ಲ ವಯಸ್ಸಿನವರಿಗೂ ಹೊಂದುವ ಊಟ ನನಗೆ ಬೇರೆ ಗೊತ್ತಿಲ್ಲ.

ಆ ಊಟವನ್ನು ಕಟ್ಟಿಕೊಂಡು ಹೋಗಲಾಗುವುದಿಲ್ಲ. ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಪೆಟ್ಟಿಗೆಯ ಸುತ್ತ ದೊಡ್ಡ ಸಂತೆಯೇ ನೆರೆಯುತ್ತದೆ. ಹುಚ್ಚೆಳ್ಳು ಚಟ್ನಿಪುಡಿ, ಹುರಿಗಾಳಿನ ಪುಡಿ, ಹಪ್ಪಳ, ಸಂಡಿಗೆ, ಅಚ್ಚುಬೆಲ್ಲ, ಮೇಲುಕೋಟೆ ಪುಳಿಯೋಗರೆ ಗೊಜ್ಜು. ಮೇಲುಕೋಟೆ ಪಾಂಡವಪುರ ತಾಲ್ಲೂಕಿನದೇ. ವೈರಮುಡಿ ಉತ್ಸವಕ್ಕೆ ಬೆಟ್ಟ ಹತ್ತುವ ಜನ ಎಷ್ಟೋ ತಲೆಮಾರಿನಿಂದ ಪುಳಿಯೋಗರೆ ಕಟ್ಟಿಕೊಂಡು ತಿಂದು, ಕಟ್ಟಿಕೊಂಡು ಮನೆಗೆ ಒಯ್ದವರು. ಹುಣಸೆಹಣ್ಣು, ಎಣ್ಣೆ, ಬೆಲ್ಲ, ಮೆಣಸು ಸೇರಿ ಕುದ್ದು ಗಟ್ಟಿಯಾದ ಗೊಜ್ಜು ಹಾಳಾಗುವುದಿಲ್ಲ. ಅದು ಪ್ರಯಾಣಕ್ಕೆಂದೇ ಇರುವ ಅಡಿಗೆ. ಅದರ ಒಂದು ಚಮಚ ಬಿಸಿ ಅನ್ನಕ್ಕೆ ಬಿದ್ದರೆ ನ್ಯೂಜೆರ್ಸಿಯ ಎಡಿಸನ್ನಿನಲ್ಲೂ ಮೇಲುಕೋಟೆಯೇ. ಅದಕ್ಕೆ ನಾನು ಋಣಿ. ಆದರೆ ಉಪ್ಪೆಸ್ರಿಗೆ ಪುಡಿಯಿಲ್ಲ, ಗೊಜ್ಜಿಲ್ಲ. ಅದನ್ನು ಆಯಾ ದಿನದ ನೆಲದಿಂದಲೇ ಹೊಸದಾಗಿ ಶುರುಮಾಡಬೇಕು. ವಿದೇಶದಲ್ಲಿ ಅಡಿಗೆ ಮಾಡುವ ನಮ್ಮಂಥವರು ಪೆಟ್ಟಿಗೆಯಲ್ಲಿ ಬಂದದ್ದನ್ನು ಇಷ್ಟಿಷ್ಟೇ ಕರಗಿಸುತ್ತಾ ಕೂತರೆ ನಮ್ಮೂರ ಅಡಿಗೆಯ ಅರ್ಧ ಮಾತ್ರ ಕೈಗೆ ಸಿಗುತ್ತದೆ. ಇನ್ನರ್ಧ ಸಿಗಬೇಕಾದರೆ ಕಾಲ ಕೆಳಗಿನ ಮಣ್ಣನ್ನೇ ನೋಡಬೇಕು.

ನನ್ನನ್ನು ಹಾಗೆ ನೋಡುವಂತೆ ಮಾಡಿದವಳು ಮೆಕ್ಸಿಕೊದ ಒಬ್ಬ ಹೆಂಗಸು. ನ್ಯೂಬ್ರನ್ಸ್‌ವಿಕ್ ಊರಿನಲ್ಲಿ ವಹಾಕಾ ಪ್ರಾಂತದಿಂದ ಬಂದು ನೆಲೆಸಿದವರು ಬಹಳ ಮಂದಿ. ಬೇಸಿಗೆಯ ಶನಿವಾರಗಳಲ್ಲಿ ರೈತರು ನೇರವಾಗಿ ತರಕಾರಿ ಮಾರುವ ಸಂತೆಯಲ್ಲಿ ಇವಳದೊಂದು ಮೇಜು. ಟೊಮೆಟೊ, ಮುಸುಕಿನ ಜೋಳದ ತೆನೆ, ಹೊಳೆಯುವ ಬದನೆಕಾಯಿ ಎಲ್ಲ ಮುಂದೆ ಜೋಡಿಸಿ, ಹಿಂದುಗಡೆ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನು ಇಟ್ಟಿದ್ದಳು. ಬಟ್ಟೆಯಂಚಿನಿಂದ ಕೆಂಪು ದಂಟೊಂದು ಹೊರಗೆ ಚಾಚಿತ್ತು. ನಾನು ಕೇಳದೆಯೇ ಕೈ ಹಾಕಿ ಒಂದು ಕುಡಿ ಮುರಿದೆ. ನೀರು ಬಂತು, ಹಾಲು ಬರಲಿಲ್ಲ. ಬಾಯಿಗೆ ಹಾಕಿಕೊಂಡೆ. ಅದೇ ಹುಳಿ, ಅದೇ ಲೋಳೆ. ನಮ್ಮ ಗೋಣಿ ಸೊಪ್ಪು!

ಅವಳು ನನ್ನ ಮುಖ ನೋಡಿ ಬಟ್ಟೆ ಪೂರ್ತಿ ಸರಿಸಿದಳು. ಗೋಣಿ ಸೊಪ್ಪಿನ ಕೆಳಗೆ ಚಕ್ಕೋತ ಸೊಪ್ಪು, ಅದರ ಕೆಳಗೆ ನಮ್ಮ ಕೀರೆಯ ಹತ್ತಿರದ ನೆಂಟನಾದ ಒರಟು ದಂಟಿನ ಸೊಪ್ಪು. ಮೂರೂ ಇಲ್ಲಿನ ಮುಸುಕಿನ ಜೋಳದ ಹೊಲಗಳಲ್ಲಿ ತಾವಾಗಿಯೇ ಹುಟ್ಟುವ ಕಳೆ. ದೊಡ್ಡ ರೈತರು ಇವನ್ನು ಕೊಲ್ಲಲು ಔಷಧಿ ಹೊಡೆಯುತ್ತಾರೆ. ದಂಟಿನ ಜಾತಿಯ ಒಂದು ಕಳೆಯಂತೂ ಆ ಔಷಧಿಗೂ ಬಗ್ಗದೆ ಅಮೆರಿಕದ ಹೊಲಗಳಲ್ಲೆಲ್ಲ ಹಬ್ಬಿ ಕೂತಿದೆ. ಹಾಗಾಗಿ ಔಷಧಿ ಹೊಡೆಯದ ಹೊಲ ಯಾವುದು ಎಂದು ಗೊತ್ತಿದ್ದವರ ಕೈಯಿಂದಲೇ ಈ ಸೊಪ್ಪು ಕೊಳ್ಳಬೇಕು. ಇವಳಿಗೆ ಗೊತ್ತಿತ್ತು. ತಾನು ಕಳೆ ತೆಗೆಯಲು ಹೋಗುವ ತೋಟದ್ದೇ ಇದು ಎಂದು ಕೈಸನ್ನೆಯಲ್ಲಿ ತೋರಿಸಿದಳು. ಅವರ ಮನೆಯಲ್ಲಿ ಗೋಣಿ ಸೊಪ್ಪನ್ನು ಹಂದಿಮಾಂಸದ ಜೊತೆ ಹುಳಿ ಸಾರಿನಲ್ಲಿ ಬೇಯಿಸುತ್ತಾರಂತೆ. ಕಳೆ ತೆಗೆಯುತ್ತಾ ಮಡಿಲಿಗೆ ಹಾಕಿಕೊಳ್ಳುವ ಹೆಂಗಸರು ಬಿಂಡಿಗನವಿಲೆಯಲ್ಲಿ ಮಾತ್ರ ಇದ್ದಾರೆಂದು ನಾನು ತಿಳಿದದ್ದು ಅವತ್ತಿಗೆ ಕೊನೆಯಾಯಿತು.

ಅಂದು ರಾತ್ರಿ ಉಣ್ಣುವಾಗ ನನಗೆ ನೆನಪಾದದ್ದು ಅವ್ವನ ತವರಿನ ಬಂಡೆಬೆಟ್ಟ. ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದು ಹೆಸರು. ಹೈದರಾಲಿ, ಟಿಪ್ಪುವಿನ ಸೇನೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡು ಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಅಂಟಿತು. ನಮ್ಮ ತಾತನ ವಯಸ್ಸಿನವರು ಆ ಹೆಸರನ್ನೇ ಹೇಳುತ್ತಿದ್ದರು. ಮನೆಯಿಂದ ಸಾವಿರಾರು ಮೈಲಿ ದೂರ ಬಂದ ಆ ಹುಡುಗರು ಹಿರೋಡೆಯಲ್ಲಿ ಏನು ಬೇಯಿಸಿಕೊಂಡು ತಿಂದಿರಬಹುದು? ಅವರ ಊರಿನ ಗೋಧಿ ರೊಟ್ಟಿ ಎಲ್ಲಿ ಬರಬೇಕು? ಸುತ್ತ ಇದ್ದದ್ದು ಬತ್ತದ ಗದ್ದೆ, ರಾಗಿ ಹೊಲ. ಗೋಣಿ ಸೊಪ್ಪನ್ನು ಫ್ರಾನ್ಸಿನಲ್ಲಿ ಇವತ್ತಿಗೂ ಹಸಿಯಾಗಿಯೇ ತಿನ್ನುತ್ತಾರೆ. ಗದ್ದೆ ಬದುವಿನಲ್ಲಿ ಅದು ಹಬ್ಬಿರುವುದನ್ನು ಕಂಡು ಅವರಲ್ಲೊಬ್ಬ ಬಗ್ಗಿ ಒಂದು ಕುಡಿ ಮುರಿದು ಬಾಯಿಗೆ ಹಾಕಿಕೊಂಡಿರಬಹುದೇ? ಇದಕ್ಕೆ ದಾಖಲೆ ಯಾರೂ ಬರೆದಿಟ್ಟಿರಲಾರರು. ಆದರೂ ಆ ಸಂತೆಯ ಬುಟ್ಟಿಯ ಮುಂದೆ ನಾನು ಮಾಡಿದ್ದನ್ನು ನಮ್ಮವ್ವನ ಊರಿನಲ್ಲಿ ಬೇರೊಬ್ಬ ಪರದೇಶಿ ಎರಡು ಶತಮಾನಕ್ಕೂ ಮೊದಲೇ ಮಾಡಿರಬಹುದು ಎಂದುಕೊಂಡರೆ ನನಗೆ ಎಷ್ಟೋ ಸಮಾಧಾನ.

ಶ್ರೀರಂಗಪಟ್ಟಣದ ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಯಾವ ಹೊಲದಲ್ಲಿ ಏನು ಬಿತ್ತುತ್ತಾರೆ, ಹೇಗೆ ಬಿತ್ತುತ್ತಾರೆ ಎಂದು ಊರೂರಿನಲ್ಲೂ ಕೇಳಿ ಬರೆದುಕೊಂಡ. ರಾಗಿಯ ನಡುವೆ ಅವರೆ, ತೊಗರಿಯ ಸಾಲು ಹಾಕುವುದನ್ನೂ ಬರೆದಿದ್ದಾನೆ. ನಾವು ಅದನ್ನು ಅಕ್ಕಡಿ ಸಾಲು ಎನ್ನುತ್ತೇವೆ. ನಾಗಮಂಗಲದ ಹೊಲದಲ್ಲಿ ಅಕ್ಕಡಿಗೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಎಲ್ಲ ಬೀಳುತ್ತಿತ್ತು. ಮಳೆ ಕೈಕೊಟ್ಟು ರಾಗಿ ಒಣಗಿದರೂ ಅಕ್ಕಡಿಯಿಂದ ಒಂದಿಷ್ಟು ಮನೆಗೆ ಬರುತ್ತದೆ ಎಂಬ ಧೈರ್ಯ. ಆ ರಾಗಿಯೂ ಮೂಲದಲ್ಲಿ ಇಲ್ಲಿಯದಲ್ಲ. ಇಥಿಯೋಪಿಯಾ, ಉಗಾಂಡದ ಎತ್ತರದ ಸೀಮೆಯಿಂದ ಸಾವಿರಾರು ವರ್ಷದ ಹಿಂದೆ ಬಂದದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು, ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದವರು, ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ತೆನೆ ದಪ್ಪಗಾಯಿತು, ಇಳುವರಿ ಹೆಚ್ಚಿತು, ಬಡವರ ಮನೆಯ ವಾಡೆಗಳು ತುಂಬಿದವು. ನಮ್ಮಪ್ಪ ಬಿತ್ತಿದ್ದೂ ಇಂಡಾಫ್ ರಾಗಿಯೇ. ಅಷ್ಟು ದೂರದಿಂದ ಬಂದು, ಮತ್ತೊಮ್ಮೆ ತನ್ನ ಮೂಲದ ನೆಂಟರ ಜೊತೆ ಕೂಡಿ, ನಮ್ಮ ಹೊಲದ ಬೆಳೆಯಾಗಿ ನಿಂತ ರಾಗಿಯ ಮುಂದೆ ನಮ್ಮ ವಲಸೆ ಎಷ್ಟರದು!

ಹುಚ್ಚೆಳ್ಳಿನದು ಇನ್ನೊಂದು ಬಗೆ. ಇಲ್ಲಿನ ತೋಟಗಾರಿಕೆ ಅಂಗಡಿಯಲ್ಲಿ ಹಕ್ಕಿಗಳ ಆಹಾರದ ಕಪಾಟಿನ ಮುಂದೆ ನಿಂತಿದ್ದಾಗ ಸಣ್ಣ ಕಣ್ಣಿನ ಜಾಲರಿ ಚೀಲವೊಂದರಲ್ಲಿ ಕಪ್ಪಗೆ ಹೊಳೆಯುವ ಕಾಳು ಕಂಡಿತು. ಹುಚ್ಚೆಳ್ಳೇ. ಇಥಿಯೋಪಿಯಾದಿಂದ, ಭಾರತದಿಂದ ಹಡಗಿನಲ್ಲಿ ತರಿಸುತ್ತಾರೆ. ಅದರ ಜೊತೆ ಬೆರೆತು ಬಂದಿರಬಹುದಾದ ಕಳೆಬೀಜ ಮೊಳೆಯದಿರಲಿ ಎಂದು ದೇಶದೊಳಕ್ಕೆ ಬಿಡುವ ಮೊದಲು ಬಿಸಿ ಮಾಡುತ್ತಾರೆ. ನ್ಯೂಜೆರ್ಸಿಯ ರಾಜ್ಯ ಪಕ್ಷಿ ಪುಟ್ಟದೊಂದು ಹಳದಿ ಹಕ್ಕಿ, ಗೋಲ್ಡ್‌ಫಿಂಚ್. ಅದಕ್ಕೆ ಹುಚ್ಚೆಳ್ಳೆಂದರೆ ಪಂಚಪ್ರಾಣ. ನಮ್ಮ ಹಿತ್ತಲ ಮರಕ್ಕೆ ಚೀಲ ಕಟ್ಟಿದ ಮೇಲೆ ಗಂಡುಹಕ್ಕಿಗಳು ತಲೆಕೆಳಗಾಗಿ ಜೋತುಬಿದ್ದು ಒಂದೊಂದೇ ಕಾಳು ಹೆಕ್ಕಿ, ಸಿಪ್ಪೆ ಉದುರಿಸಿ ತಿನ್ನುವುದನ್ನು ಅಡಿಗೆಮನೆಯ ಕಿಟಕಿಯಿಂದಲೇ ನೋಡುತ್ತೇನೆ. ನಮ್ಮೂರಲ್ಲಿ ಹುಚ್ಚೆಳ್ಳು ಹೂಬಿಟ್ಟ ಹೊಲದ ಬಣ್ಣವೂ ಆ ಹಕ್ಕಿಯದೇ. ಪಕ್ಕದಲ್ಲೇ ಒಲೆಯ ಮೇಲೆ ಅವ್ವ ಕಳಿಸಿದ ಹುಚ್ಚೆಳ್ಳು ಹುರಿಯುತ್ತಿರುತ್ತದೆ. ಚಟಪಟ ಸಿಡಿಯುವಾಗ ಇಳಿಸಿ, ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಣಸೆಹಣ್ಣು ಕೂಡಿಸಿ ಕುಟ್ಟುವುದು. ಹಕ್ಕಿಗೂ ನನಗೂ ಒಂದೇ ಹೊತ್ತಿಗೆ ಒಂದೇ ಕಾಳಿನ ಊಟ.

ಗಂಜಾಂ ಹೆಸರು ಬಂದಾಗ ಅಂಜೂರದ ಮಾತು ಬಿಡುವ ಹಾಗಿಲ್ಲ. ಗಂಜಾಂ ಅಂಜೂರ ಹೆಸರುವಾಸಿ. ದೊಡ್ಡವ್ವನ ಮನೆಗೆ ಹೋದಾಗ ಒಡೆದು ಬಾಯಿ ಬಿಟ್ಟ ಹಣ್ಣನ್ನು ಬಾಳೆಲೆ ತುಂಡಿನ ಮೇಲಿಟ್ಟು ಕೊಡುತ್ತಿದ್ದಳು. ಕಾವೇರಿ ದಂಡೆಯ ಆ ಗಿಡಕ್ಕೆ ಚಳಿಯ ಭಯವೇ ಇಲ್ಲ. ಇಲ್ಲಿ ನಮ್ಮ ಬೀದಿಯ ಇಟಲಿ ಮೂಲದ ಹಿರಿಯರೊಬ್ಬರ ಅಂಗಳದಲ್ಲೂ ಅಂಜೂರದ ಗಿಡವಿದೆ. ಅವರ ತಂದೆ ತಮ್ಮ ಊರಿನಿಂದ ತಂದ ಕಡ್ಡಿಯಿಂದ ಬೆಳೆದದ್ದಂತೆ. ಪ್ರತಿ ಚಳಿಗಾಲಕ್ಕೆ ಮೊದಲು ಕೊಂಬೆಗಳನ್ನೆಲ್ಲ ಒಟ್ಟಿಗೆ ಹಗ್ಗದಲ್ಲಿ ಬಿಗಿದು, ಗೋಣಿಚೀಲ ಸುತ್ತಿ, ಒಣಗಿದ ಎಲೆ ತುರುಕಿ, ಮೇಲೊಂದು ಬಕೆಟ್ಟು ಬೋರಲು ಹಾಕುತ್ತಾರೆ. ಈ ನಾಡಿಗೆ ಬಂದ ಇಟಲಿಯವರಲ್ಲಿ ಇದು ಮೊದಲಿಂದ ನಡೆದುಬಂದ ಪದ್ಧತಿ. ಆಗಸ್ಟ್ ಕೊನೆಗೆ ಅವರು ಕೊಟ್ಟ ಹಣ್ಣಿಗೆ ನಾನು ಕಬ್ಬಿನ ಬೆಲ್ಲ ತುರಿದು, ಏಲಕ್ಕಿ ಹಾಕಿ ರಸಾಯನ ಮಾಡಿ ಕೊಟ್ಟೆ. ತಿಂದು ಬಟ್ಟಲು ಮತ್ತೆ ಮುಂದೆ ಚಾಚಿದರು.

ಎಲ್ಲವೂ ಹೀಗೆ ಕೈಗೆಟುಕುತ್ತದೆ ಎಂದರೆ ಸುಳ್ಳಾಗುತ್ತದೆ. ಅವರೆಕಾಯಿ ಎಟುಕುವುದಿಲ್ಲ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ, ಮಂಜು ಬಿದ್ದಷ್ಟೂ ಸೊಗಡು ಎಂದು ನಮ್ಮವರು ಹೇಳುವ ಆ ಕಾಯಿಯನ್ನು ಕೈಯಲ್ಲಿ ಮುಟ್ಟಿದರೆ ಬೆರಳಿಗೆಲ್ಲ ಅಂಟು, ವಾಸನೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಹೆಬ್ಬೆರಳಲ್ಲಿ ಒತ್ತಿದರೆ ಕಾಳು ಸಿಪ್ಪೆಯಿಂದ ಪುಳಕ್ಕನೆ ಹಾರಬೇಕು. ಅದೇ ಹಿತುಕಿದ ಬೇಳೆ. ನಾಡ ಅವರೆ ಹಗಲು ಚಿಕ್ಕದಾಗದೆ ಹೂ ಬಿಡುವುದಿಲ್ಲ. ಮಂಡ್ಯ ಸಮಭಾಜಕದಿಂದ ಸುಮಾರು 12 ಡಿಗ್ರಿ ಉತ್ತರಕ್ಕಿದ್ದರೆ ನ್ಯೂಜೆರ್ಸಿ 40 ಡಿಗ್ರಿಯ ಆಸುಪಾಸಿನಲ್ಲಿದೆ. ಇಲ್ಲಿ ನಡುಬೇಸಿಗೆಯ ಹಗಲು 15 ಗಂಟೆ ಹೊತ್ತಿನದು. ಬಳ್ಳಿ ಚಪ್ಪರ ತುಂಬ ಹಬ್ಬುತ್ತದೆ, ಎಲೆಯ ಮೇಲೆ ಎಲೆ ಬಿಡುತ್ತದೆ, ಹೂವಿನ ಸುಳಿವಿಲ್ಲ. ಹಗಲು ಕುಗ್ಗಿ ಮೊಗ್ಗು ಕಾಣಿಸುವಷ್ಟರಲ್ಲಿ ಅಕ್ಟೋಬರ್ ಬಂದಿರುತ್ತದೆ. ಊರಲ್ಲಿ ಅವರೆಗೆ ಸೊಗಡು ಕೊಡುವ ಮಂಜು ಇಲ್ಲಿ ಹೆಪ್ಪುಗಟ್ಟಿ ಒಂದೇ ರಾತ್ರಿಯಲ್ಲಿ ಬಳ್ಳಿಯನ್ನು ಸುಡುತ್ತದೆ.

ಅಮೆರಿಕದವರಿಗೆ ಅವರೆ ಬಳ್ಳಿ ಅಪರಿಚಿತವೇನಲ್ಲ. ನೇರಳೆ ಹೂವಿನ, ನೇರಳೆ ಕಾಯಿಯ ಒಂದು ಜಾತಿಯನ್ನು ಚಂದಕ್ಕೆಂದು ಬೆಳೆಸುತ್ತಾರೆ. ವರ್ಜೀನಿಯಾದಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಮನೆಯಾಗಿದ್ದ ಮಾಂಟಿಚೆಲ್ಲೊದ ತರಕಾರಿ ತೋಟದಲ್ಲೂ ಅದರ ಚಪ್ಪರವಿದೆ. ಅದು ಬೇಸಿಗೆಯಲ್ಲೇ ಹೂ ಬಿಡುತ್ತದೆ. ನೋಡಲು ಬಲು ಚೆಂದ, ಸಾರಿಗಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ತೆಗೆದು ರೈತರಿಗೆ ಉಪಕಾರ ಮಾಡಿದ್ದಾರೆ. ಆದರೆ ಸೊಗಡಿಗೆ ನಾಡ ಅವರೆಯೇ ಆಗಬೇಕು ಎನ್ನುವವರ ಪೈಕಿ ನಾನು. ಹೆಪ್ಪುಗಟ್ಟಿಸಿ ಚೀಲದಲ್ಲಿ ಮಾರುವ ಅವರೆಕಾಳನ್ನು ಬೇಯಿಸಿದರೆ ಹೊಟ್ಟೆ ತುಂಬುತ್ತದೆ, ಮನೆ ತುಂಬ ಆ ವಾಸನೆ ಏಳುವುದಿಲ್ಲ. ನಾನು ಅದನ್ನು ತರುವುದು ಬಿಟ್ಟಿದ್ದೇನೆ. ಅವರೆಯ ಕಾಲದಲ್ಲಿ ಊರಿಗೆ ಹೋಗಲು ಸಾಧ್ಯವಾದ ವರ್ಷ ಉಣ್ಣುತ್ತೇನೆ, ಇಲ್ಲದ ವರ್ಷ ಉಣ್ಣುವುದಿಲ್ಲ. ಊರಿನಲ್ಲಿದ್ದಾಗಲೂ ಅವರೆ ಬರಲು ವರ್ಷವೆಲ್ಲ ಕಾಯುತ್ತಿದ್ದೆವಲ್ಲ.

ಇಲ್ಲಿನ ಕನ್ನಡ ಕೂಟದ ಹೆಸರು ಬೃಂದಾವನ. ಕನ್ನಂಬಾಡಿ ಕಟ್ಟೆಯ ಕೆಳಗಿನ ತೋಟದ ಹೆಸರು ಕೇಳಿದಾಗಲೆಲ್ಲ ನನಗೆ ಹಿಗ್ಗು. ಕೂಟದ ಗೆಳತಿಯರ ನಡುವೆ ಕರಿಬೇವಿನ ಗಿಡಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಹಣ್ಣಿನ ತೋಟಗಳನ್ನು ಕೆಡಿಸುವ ಒಂದು ಕೀಟ ಕರಿಬೇವಿನ ಮೇಲೂ ಬದುಕುತ್ತದೆಂದು ಸರ್ಕಾರ ಕರಿಬೇವಿನ ಸಾಗಾಟಕ್ಕೆ ಕಟ್ಟುನಿಟ್ಟು ಮಾಡಿದೆ; ಫ್ಲಾರಿಡಾದ ಕಿತ್ತಳೆ ತೋಟಗಳು ಆ ಕೀಟ ಹರಡುವ ರೋಗದಿಂದ ನಲುಗಿವೆ. ಹಾಗಾಗಿ ಊರೊಳಗೇ, ಒಬ್ಬರ ಕುಂಡದ ಬುಡದಲ್ಲಿ ಹುಟ್ಟಿದ ಮರಿಯನ್ನು ಇನ್ನೊಬ್ಬರು ಬೇರುಸಹಿತ ಬಿಡಿಸಿಕೊಂಡು ಹೋಗುವುದು. ಚಳಿಗಾಲದಲ್ಲಿ ಗಿಡ ಮನೆಯೊಳಗೆ ಕಿಟಕಿ ಪಕ್ಕ, ಮೇ ತಿಂಗಳಲ್ಲಿ ಮತ್ತೆ ಹೊರಗೆ. ನನ್ನ ಗಿಡದ ತಾಯಿಗಿಡ ಯಾರ ಮನೆಯದು, ಅದರ ತಾಯಿ ಯಾರ ಮನೆಯದು ಎಂದು ನಾಲ್ಕು ಮನೆಯವರೆಗೂ ಹೇಳಬಲ್ಲೆ.

ಅತ್ತೆಯ ಊರಾದ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಬಂದುಹೋಗಿ 'ಅಪರವಯಸ್ಕನ ಅಮೆರಿಕ ಯಾತ್ರೆ' ಬರೆದರು. ಆ ಪುಸ್ತಕ ನನ್ನ ಕಪಾಟಿನಲ್ಲಿದೆ. ಅವ್ವ ಮೊದಲ ಸಲ ಇಲ್ಲಿಗೆ ಬರುವಾಗ ಅದನ್ನೇ ಅವಳಿಗೆ ಕಳಿಸಿದ್ದೆ. ಅವಳು ಓದಿ ಮುಗಿಸಿ ಬಂದಿದ್ದಳು. ಬಂದ ಮರುವಾರವೇ ಅವಳನ್ನು ಸಂತೆಗೆ ಕರೆದೊಯ್ದೆ.

ವಹಾಕಾದ ಆ ಹೆಂಗಸಿಗೂ ಅವ್ವನಿಗೂ ನಡುವೆ ಭಾಷೆ ಒಂದೂ ಇರಲಿಲ್ಲ. ಅವ್ವ ಬುಟ್ಟಿಯ ಬಟ್ಟೆ ಸರಿಸಿ ಕೈಯಾಡಿಸಿದಳು. "ಅಯ್ಯೋ, ಇದ್ಯಾಕ್ ಹಿಂಗ್ ಬಲಿಯಕ್ ಬುಟ್ಟವ್ಳೆ" ಎಂದು ಚಕ್ಕೋತದ ಕಡ್ಡಿಗಳನ್ನು ಪಟಪಟ ಮುರಿದು ಒಂದು ಕಡೆ ಹಾಕತೊಡಗಿದಳು. ಆ ಹೆಂಗಸು ಮೊದಲು ಬೆರಗಾಗಿ ನೋಡಿ, ಆಮೇಲೆ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಅವ್ವನನ್ನು ಕೂರಿಸಿ ತಾನೂ ಎದುರಿಗೆ ಕೂತಳು. ಗಿರಾಕಿಗಳು ಬಂದಾಗ ಎದ್ದು ಹೋಗುವಳು, ಮತ್ತೆ ಬಂದು ಕೂರುವಳು. ಗೋಣಿ ಸೊಪ್ಪಿನಲ್ಲಿ ಕಪ್ಪು ಬೀಜ ಕಟ್ಟಿದ ಕುಡಿಗಳನ್ನು ಇಬ್ಬರೂ ಒಂದೇ ರೀತಿ ಚಿವುಟಿ ತೆಗೆಯುತ್ತಿದ್ದರು. ನಾನು ಹಣ ಕೊಡಲು ಹೋದರೆ ಅವಳು ಅರ್ಧಕ್ಕೆ ಮಾತ್ರ ತೆಗೆದುಕೊಂಡು, ಅವ್ವನ ಕೈ ತೋರಿಸಿ, ಉಳಿದರ್ಧ ಕೂಲಿ ಎಂಬಂತೆ ಸನ್ನೆ ಮಾಡಿದಳು. ಅವ್ವ ಬ್ಯಾಗಿನಿಂದ ಹುಚ್ಚೆಳ್ಳು ಪುಡಿಯ ಪೊಟ್ಟಣ ತೆಗೆದು ಅವಳ ಕೈಗಿಟ್ಟು, "ರೊಟ್ಟಿ ಜೊತೆ ತಿನ್ನು ಕಣವ್ವ" ಎಂದಳು. ಅವರದೂ ರೊಟ್ಟಿಯ ನಾಡೇ, ಮುಸುಕಿನ ಜೋಳದ ರೊಟ್ಟಿ. ಅವಳಿಗೆ ಅರ್ಥವಾಯಿತು.

ಆ ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಉಪ್ಪೆಸ್ರು. ಒರಳಿಲ್ಲ, ಕೆಂಡವಿಲ್ಲ. ಮೆಣಸಿನಕಾಯನ್ನು ಗ್ಯಾಸಿನ ಉರಿಯಲ್ಲಿ ಇಕ್ಕಳದಿಂದ ಹಿಡಿದು ಸುಟ್ಟು, ಮೆಕ್ಸಿಕೊದವರು ಬಳಸುವ ಮೂರು ಕಾಲಿನ ಕರಿಗಲ್ಲಿನ ಒರಳಲ್ಲಿ ಖಾರ ಅರೆದೆವು. ಆ ಒರಳು ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಖಾರಕ್ಕೆ ಮಿಕ್ಸಿಗಿಂತ ಎಷ್ಟೋ ಮೇಲು. ಹುರುಳಿಕಾಳು ಸಿಗದ ವಾರ ಇಲ್ಲಿನ ರೈತರು ತರುವ ಹಸಿ ಅಲಸಂದೆ ಹಾಕಿದೆವು. ಎಸರಿನ ಬಣ್ಣ ತಿಳಿಯಾಯಿತು, ರುಚಿ ಕೆಡಲಿಲ್ಲ. ಹಿಟ್ಟು ತಿನ್ನಲು ಮುಖ ಸಿಂಡರಿಸುತ್ತಿದ್ದ ನನ್ನ ಮಗಳು ಖಾರ ತಾನೇ ಕಲಸಿಕೊಳ್ಳಬಹುದು ಎಂದು ಗೊತ್ತಾದ ಮೇಲೆ ತಟ್ಟೆಯೆದುರು ಕೂತಳು.

ಒಂದು ವಿಷಯ ಮಾತ್ರ ನನಗೆ ಬಗೆಹರಿದಿರಲಿಲ್ಲ. ಅದೇ ಸೊಪ್ಪು, ಅದೇ ಅಳತೆ, ಆದರೂ ಒಮ್ಮೊಮ್ಮೆ ಎಸರು ತೀರ ಹುಳಿ. ಅವ್ವನಿಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, ಸೊಪ್ಪು ಎಷ್ಟು ಹೊತ್ತಿನಲ್ಲಿ ಕಿತ್ತದ್ದು ಎಂದು. ಗೋಣಿ ಸೊಪ್ಪು ಬಿಸಿಲಿಗೆ ಹೊಂದಿಕೊಂಡು ಬದುಕುವ ಗಿಡ. ನೀರು ಕಡಿಮೆಯಾದಾಗ ರಾತ್ರಿ ಹೊತ್ತು ಉಸಿರೆಳೆದುಕೊಂಡು ಎಲೆಯಲ್ಲಿ ಹುಳಿ ಕೂಡಿಟ್ಟುಕೊಳ್ಳುತ್ತದೆ, ಹಗಲು ಏರಿದ ಹಾಗೆ ಆ ಹುಳಿ ಕರಗುತ್ತಾ ಹೋಗುತ್ತದೆ. ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದಾರೆ. ಅಜ್ಜಿಗೆ ಇದು ನಾಲಿಗೆಯಿಂದಲೇ ಗೊತ್ತಿತ್ತು, ಅವಳಿಂದ ಅವ್ವನಿಗೆ ಬಂದಿತ್ತು. "ಬೆಳಿಗ್ಗೆ ಕಿತ್ತಿದ್ರೆ ಖಾರಕ್ಕೆ ಹುಣಸೆಹಣ್ಣು ಬ್ಯಾಡ, ಸಂಜೆ ಕಿತ್ತಿದ್ರೆ ಒಂದು ಗೋಲಿಗಾತ್ರ ಹಾಕು. ಬೆಳ್ಳುಳ್ಳಿ ಮಾತ್ರ ಯಾವತ್ತೂ ಕಮ್ಮಿ ಮಾಡ್ಬ್ಯಾಡ."